ಸಾಲ ವರದಿಯ ತಪ್ಪಿಗೆ ಸಾಲಗಾರರೇ ಏಕೆ ಹೊಣೆ?

ಮಾನ್ಯ ಸಂಪಾದಕರೇ,

ಕ್ರೆಡಿಟ್ ಸ್ಕೋರ್ (ಹಿಂದಿನ ಸಾಲಗಳ ಮರುಪಾವತಿಯನ್ನು ಆಧರಿಸಿ ಕೊಡುವ ಅಂಕಿ) ಕಡಿಮೆ ಇದೆ ಎಂಬ ಒಂದೇ ಮಾತು ಹೇಳಿ ಸಾಲದ ಅರ್ಜಿಯನ್ನು ತಿರಸ್ಕರಿಸುವುದು ಈಗ ಸಾಮಾನ್ಯವಾಗಿದೆ. ಆ ಅಂಕಿಯ ಹಿಂದಿರುವ ವರದಿಯನ್ನು ಸಿದ್ಧಪಡಿಸುವ ಕ್ರೆಡಿಟ್ ಬ್ಯೂರೊಗಳು ಸಾಲಗಾರರನ್ನು ವಿಚಾರಿಸುವುದಿಲ್ಲ. ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು ಕಳುಹಿಸಿದ ಮಾಹಿತಿಯನ್ನು ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆಗಳ ಆಧಾರದಲ್ಲಿ ಹೊಂದಿಸಿ ಒಟ್ಟುಗೂಡಿಸುತ್ತವೆ. ಹೀಗಾಗಿ ಅದೇ ಹೆಸರಿನ ಬೇರೊಬ್ಬರ ಬಾಕಿ ನಮ್ಮ ವರದಿಗೆ ಸೇರುವುದೂ ತೀರಿಸಿದ ಸಾಲ ಚಾಲ್ತಿಯಲ್ಲಿರುವಂತೆ ಕಾಣುವುದೂ ನಡೆಯುತ್ತಲೇ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರ ವರದಿಯಲ್ಲಿ ತಪ್ಪು ಕಂಡುಬಂದಿತ್ತು. ಶೇ 5ರಷ್ಟು ಮಂದಿಯ ವರದಿಯಲ್ಲಿದ್ದ ತಪ್ಪು, ಅವರು ಹೆಚ್ಚು ಬಡ್ಡಿ ತೆರಬೇಕಾಗಿ ಬರಬಹುದಾದಷ್ಟು ಗಂಭೀರವಾಗಿತ್ತು.

ಸಾಲ ಕೊಡುವವರಿಗೆ ಹಿಂದಿನ ಮರುಪಾವತಿಯ ವಿವರ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಡವಿಡಲು ಏನೂ ಇಲ್ಲದ, ಆದರೆ ಕಂತು ತಪ್ಪಿಸದ ಎಷ್ಟೋ ಮಂದಿಗೆ ಸಾಲ ದೊರೆಯಲು ಈ ವರದಿಗಳು ನೆರವಾಗಿವೆ. ನನ್ನ ಆಕ್ಷೇಪವಿರುವುದು ತಪ್ಪು ತಿದ್ದುವ ಕ್ರಮದ ಬಗ್ಗೆ. ಸಾಲಗಾರರು ದೂರು ಕೊಟ್ಟರೆ ಬ್ಯೂರೊ ಅದನ್ನು ಮಾಹಿತಿ ಕೊಟ್ಟ ಬ್ಯಾಂಕಿಗೇ ಕಳುಹಿಸುತ್ತದೆ. ಆ ಬ್ಯಾಂಕು ತನ್ನದೇ ಲೆಕ್ಕವನ್ನು ಮತ್ತೊಮ್ಮೆ ನೋಡಿ, ಎಲ್ಲ ಸರಿಯಾಗಿದೆ ಎಂದುಬಿಟ್ಟರೆ ದಾಖಲೆ ಹಾಗೆಯೇ ಉಳಿಯುತ್ತದೆ. ದೂರು ಯಾರ ಮೇಲಿದೆಯೋ ಅವರೇ ತೀರ್ಪು ಕೊಡುವುದು ಯಾವ ನ್ಯಾಯ? ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವನ್ನು ಭಾರತೀಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಿಂದ ಜಾರಿಗೆ ತಂದಿರುವುದು ಸ್ವಾಗತಾರ್ಹ. ಆದರೆ ಆ ಪರಿಹಾರದ ಲೆಕ್ಕ ವಿಳಂಬಕ್ಕೆ ಮಾತ್ರ. ತಪ್ಪು ವರದಿಯಿಂದ ಕೈತಪ್ಪಿದ ಸಾಲವಾಗಲಿ, ಹೆಚ್ಚಾಗಿ ತೆತ್ತ ಬಡ್ಡಿಯಾಗಲಿ ಅದರಲ್ಲಿ ಬರುವುದಿಲ್ಲ.

ಇದರಷ್ಟೇ ನೋವಿನ ಸಂಗತಿ ರಾಜಿ ತೀರುವಳಿಯದು. ಪೂರ್ತಿ ಕಟ್ಟಲಾಗದವರು ಬ್ಯಾಂಕು ಒಪ್ಪಿದ ಕಡಿಮೆ ಮೊತ್ತವನ್ನು ಹೇಗೋ ಹೊಂದಿಸಿ ಕಟ್ಟಿ, ಋಣ ಹರಿಯಿತೆಂದು ನಂಬಿರುತ್ತಾರೆ. ವರದಿಯಲ್ಲಿ ಮಾತ್ರ ಅದು ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗಿ, ಪೂರ್ತಿ ತೀರಿಸದವರೆಂಬ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಜಾಮೀನು ನಿಂತವರ ವರದಿಗೂ ಇಂತಹ ಸಾಲದ ಕಲೆ ತಗಲಬಹುದು. ಸಹಿ ಹಾಕಿಸಿಕೊಳ್ಳುವ ಮೊದಲೇ ಈ ಪರಿಣಾಮವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸುವುದನ್ನು ಕಡ್ಡಾಯಗೊಳಿಸಬೇಕು.

ಸಾಲಗಾರರು ಬೇಬಾಕಿ ಪತ್ರವನ್ನೋ ಪಾವತಿಯ ರಸೀದಿಯನ್ನೋ ಹಾಜರುಪಡಿಸಿದ ಮೇಲೆ, ಬಾಕಿ ಇದೆಯೆಂದು ದಾಖಲೆ ಸಮೇತ ಸಾಬೀತುಪಡಿಸುವ ಹೊಣೆ ಬ್ಯಾಂಕಿನದಾಗಬೇಕು. ಅಲ್ಲಿಯವರೆಗೆ ಆ ನಮೂದನ್ನು ಸ್ಕೋರ್‌ನ ಲೆಕ್ಕದಿಂದ ಹೊರಗಿಡಬೇಕು. ಅರ್ಜಿ ತಿರಸ್ಕರಿಸುವವರೂ ಬರೀ ಅಂಕಿ ಹೇಳದೆ, ಯಾವ ಸಾಲದ ಯಾವ ನಮೂದಿನಿಂದ ಹಾಗಾಯಿತೆಂದು ಲಿಖಿತವಾಗಿ ತಿಳಿಸುವಂತೆ ರಿಸರ್ವ್ ಬ್ಯಾಂಕ್ ಆದೇಶಿಸಬೇಕೆಂದು ಒತ್ತಾಯಿಸುತ್ತೇನೆ.

ಇಂತಿ,
ಒಬ್ಬ ಓದುಗ