ಪವರ್ ಸ್ಟೀರಿಂಗ್ ಹೋಸ್ ಆರ್ಡರ್: ಶನಿವಾರದೊಳಗೆ ಅಳತೆ ಕಳಿಸಿ

ಎಲ್ಲರಿಗೂ ನಮಸ್ಕಾರ. ಮಾರುತಿ ಜಿಪ್ಸಿಗೆ ಪವರ್ ಸ್ಟೀರಿಂಗ್ ಹಾಕಿಸಿದವರಿಗೆ ಮಾತ್ರ ಈ ಮೆಸೇಜ್. ಭಾನುವಾರ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಎಲ್ಲರ ಹೋಸ್ (ಸ್ಟೀರಿಂಗ್ ಎಣ್ಣೆಯ ಪೈಪ್) ಒಟ್ಟಿಗೆ ಕ್ರಿಂಪ್ ಮಾಡಿಸೋಣ, ಅಂದರೆ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸೋಣ ಅಂತಿದ್ದೇವೆ.

ಪಂಪ್ ಯಾವ ಗಾಡಿಯದು ಅಂತ ಹೇಳಿ. ಬ್ಯಾಂಜೋ ಬೋಲ್ಟಿನ (ಎಣ್ಣೆ ಒಳಗಿಂದಲೇ ಹರಿಯುವ ಟೊಳ್ಳು ಬೋಲ್ಟ್) ಥ್ರೆಡ್ ಎಷ್ಟು, ಇದನ್ನು ವರ್ನಿಯರ್ ಮತ್ತು ಪಿಚ್ ಗೇಜ್ (ಥ್ರೆಡ್ ಅಂತರ ಅಳೆಯುವ ಸಾಧನ) ಹಿಡಿದೇ ನೋಡಿ, ಏಕೆಂದರೆ 14 ಎಂಎಂ, 16 ಎಂಎಂ ಎರಡೂ ಬರುತ್ತವೆ, ಕಣ್ಣಳತೆ ನಂಬಬೇಡಿ. ಫ್ಲೇರ್ (ಫಿಟ್ಟಿಂಗ್ ತುದಿಯ ಇಳಿಜಾರು) 37 ಡಿಗ್ರಿಯೋ 45 ಡಿಗ್ರಿಯೋ ಅಂತಲೂ ಹೇಳಿ. 37ರದ್ದನ್ನು 45ರದ್ದಕ್ಕೆ ಜೋಡಿಸಿದರೆ ಕೆಲವೊಮ್ಮೆ ಥ್ರೆಡ್ ಕೂರುತ್ತೆ, ಆದರೆ ಎಷ್ಟು ಬಿಗಿ ಮಾಡಿದರೂ ಎಣ್ಣೆ ಜಿನುಗುತ್ತೆ.

ಪ್ರೆಷರ್ ಲೈನಿನಲ್ಲಿ (ಪಂಪಿನಿಂದ ಸ್ಟೀರಿಂಗ್‌ಗೆ ಹೋಗುವ ಹೋಸ್) ಒತ್ತಡ ಸಾವಿರ ಪಿಎಸ್‌ಐ ದಾಟುತ್ತೆ. ಅಲ್ಲಿಗೆ ಫ್ಯೂಯಲ್ ಹೋಸ್, ಕ್ಲಿಪ್ಪು ಬೇಡವೇ ಬೇಡ, ಸುಮ್ನೆ ರಿಸ್ಕ್ ಅಲ್ವಾ? ಉದ್ದವನ್ನು ದಾರ ಹಿಡಿದು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಅಳೆಯಿರಿ. ಎಕ್ಸಾಸ್ಟ್‌ನಿಂದ ದೂರ ಇರಲಿ. ತಾಮ್ರದ ವಾಷರ್ ಹೊಸದೇ ತರುತ್ತೇವೆ.

ಬೇಕಾದವರು ಫೋಟೋ ಜೊತೆ ಇಲ್ಲೇ ಉತ್ತರಿಸಿ.