ಪೋವಿಸ್ ಕೋಟೆ ಪ್ರವಾಸದ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಬರ್ಮಿಂಗ್‌ಹ್ಯಾಮಿನಿಂದ ವೇಲ್ಸ್ ಗಡಿಯ ಪೋವಿಸ್ ಕೋಟೆಗೆ ನಾವು ನಡೆಸುವ ಕನ್ನಡ ಪ್ರವಾಸದ ಕ್ರಮ ಮುಂದಿನ ತಿಂಗಳಿನಿಂದ ಬದಲಾಗಲಿದೆ. ಇದುವರೆಗೆ ಬಸ್ಸಿಳಿದವರೇ ಟಿಪ್ಪು ಸುಲ್ತಾನನ ಡೇರೆಯೂ ಸೇರಿ ಕ್ಲೈವ್ ಮನೆತನ ಭಾರತದಿಂದ ತಂದ ವಸ್ತುಗಳಿರುವ ಕ್ಲೈವ್ ಸಂಗ್ರಹಕ್ಕೆ ಧಾವಿಸಿ, ಉಳಿದ ಮನೆಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆವು. ಇನ್ನು ಮೊದಲ ಎರಡು ಗಂಟೆ ಕಟ್ಟಡಕ್ಕೇ ಮೀಸಲು. ಸಂಗ್ರಹ ಊಟದ ನಂತರ.

ಇದಕ್ಕೆ ಕಾರಣ ನಮ್ಮದೇ ತಪ್ಪು. ಶ್ರೀರಂಗಪಟ್ಟಣದ ಕೊಳ್ಳೆಯ ಹಣದಿಂದ ಕ್ಲೈವ್ ಮನೆತನದವರು ಈ ಕೋಟೆಯನ್ನು ಕಟ್ಟಿಸಿದರೆಂದು ನಮ್ಮ ಹಳೆಯ ಕರಪತ್ರದಲ್ಲಿ ಅಚ್ಚಾಗಿತ್ತು. ವಾಸ್ತವದಲ್ಲಿ ಇದು 13ನೆಯ ಶತಮಾನದಲ್ಲಿ ಪೋವಿಸ್ ಸೀಮೆಯ ವೇಲ್ಸ್ ಅರಸರೇ ಎಬ್ಬಿಸಿದ ಕೋಟೆ. 1587ರಲ್ಲಿ ಅದನ್ನು ಕೊಂಡ ಸರ್ ಎಡ್ವರ್ಡ್ ಹರ್ಬರ್ಟ್ ವಾಸದ ಮನೆಯಾಗಿ ಮಾರ್ಪಡಿಸಿದ. ರಾಬರ್ಟ್ ಕ್ಲೈವ್ ತೀರಿಕೊಂಡು ಹತ್ತು ವರ್ಷವಾದ ಮೇಲೆ, 1784ರಲ್ಲಿ, ಅವನ ಮಗ ಎಡ್ವರ್ಡ್ ಈ ಮನೆಯ ಹೆನ್ರಿಯೆಟ್ಟಾಳನ್ನು ಮದುವೆಯಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನು ಮದರಾಸಿನ ಗವರ್ನರ್ ಆಗಿದ್ದ. ಕ್ಲೈವರ ಹಣ ಕೋಟೆಯ ದುರಸ್ತಿಗೆ ಒದಗಿದ್ದು ನಿಜವಾದರೂ, ಗೋಡೆಗಳು ಅವರು ಬರುವ ಹೊತ್ತಿಗಾಗಲೇ ಸುಮಾರು 500 ವರ್ಷದ ಹಳೆಯವು.

ಆದ್ದರಿಂದ ಇನ್ನು ಪಶ್ಚಿಮದ ಬಾಗಿಲಿನ ಎರಡು ದುಂಡು ಬುರುಜುಗಳ ಎದುರಿನಿಂದಲೇ ಆರಂಭಿಸುತ್ತೇವೆ. ಕಲ್ಲಿನ ಬಣ್ಣದಿಂದಾಗಿ ವೇಲ್ಸ್ ಭಾಷೆಯಲ್ಲಿ ಇದಕ್ಕೆ ಕೆಂಪು ಕೋಟೆಯೆಂದೇ ಹೆಸರು, ದೆಹಲಿಯದಕ್ಕೂ ಇದಕ್ಕೂ ನಂಟಿಲ್ಲ. ಒಳಗೆ 1590ರ ದಶಕದ ಉದ್ದನೆಯ ಪಡಸಾಲೆಯಲ್ಲಿ ಚಾವಣಿಯ ಗಾರೆ ಕೆಲಸವನ್ನು ನಿಧಾನವಾಗಿ ನೋಡಬಹುದು. ಅದಕ್ಕಿಂತಲೂ ಕುತೂಹಲದ್ದು 1660ರ ದಶಕದ ರಾಜಶಯನಗೃಹ: ಗರ್ಭಗುಡಿಯ ಮುಂದಿನ ಕಟಾಂಜನದಂತೆ ಮಂಚದ ಮುಂದೆ ಕಂಬಿಸಾಲೊಂದಿದ್ದು, ದೊರೆಯ ಹತ್ತಿರಕ್ಕೆ ಯಾರು ಹೋಗಬಹುದು, ಯಾರು ನಿಲ್ಲಬೇಕು ಎಂಬುದನ್ನು ಅದೇ ಹೇಳುತ್ತದೆ. ತೀರ ಹಳೆಯದೆನ್ನಿಸುವ ಊಟದ ಕೋಣೆ ಮಾತ್ರ 20ನೆಯ ಶತಮಾನದ ಆರಂಭದಲ್ಲಿ ಬೋಡ್ಲಿ ಎಂಬ ವಾಸ್ತುಶಿಲ್ಪಿ ಹಳೆಯ ಶೈಲಿಯಲ್ಲಿ ಹೊಸದಾಗಿ ರೂಪಿಸಿದ್ದು. ನಮ್ಮ ಮಾರ್ಗದರ್ಶಕರೇ ಅಲ್ಲಿ ಎಷ್ಟೋ ಬಾರಿ ಮೋಸಹೋಗಿದ್ದಾರೆ. 1952ರಿಂದ ಕೋಟೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿದೆ.

ದರದಲ್ಲಿ ಬದಲಾವಣೆಯಿಲ್ಲ, ಬಸ್ಸು ಮಾತ್ರ ಒಂದು ಗಂಟೆ ಮೊದಲೇ, ಬೆಳಿಗ್ಗೆ 8ಕ್ಕೆ ಹೊರಡುತ್ತದೆ. ಬಂಡೆ ಕಡಿದು ಮಾಡಿದ ತೋಟದ ಜಗಲಿಗಳಿಗೆ ಕಡಿದಾದ ಮೆಟ್ಟಿಲುಗಳಿರುವುದರಿಂದ, ಮೊಣಕಾಲು ನೋವಿರುವ ಹಿರಿಯರು ಮುಂಚಿತವಾಗಿ ತಿಳಿಸಿದರೆ ಅವರನ್ನು ಮೇಲಿನ ಜಗಲಿಯಲ್ಲೇ ಕೂರಿಸುವ ವ್ಯವಸ್ಥೆ ಮಾಡುತ್ತೇವೆ. ಈಗಾಗಲೇ ಕಾದಿರಿಸಿರುವವರಿಗೆ ಈ ಕ್ರಮ ಒಪ್ಪಿಗೆಯಾಗದಿದ್ದರೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ. ಹಳೆಯ ಕರಪತ್ರ ಇಟ್ಟುಕೊಂಡವರು ದಯವಿಟ್ಟು ಮೂರನೆಯ ಪುಟವನ್ನು ಹೊಡೆದುಹಾಕಬೇಕಾಗಿ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಪ್ರವಾಸ ವ್ಯವಸ್ಥಾಪಕರು