ಚಿತ್ರಶಾಲೆಯ ಬಾಗಿಲು ದುಡಿಯುವವರಿಗೂ ತೆರೆದಿರಲಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಚಿತ್ರಶಾಲೆಗಳ ಮಾತು ಬಂದಾಗಲೆಲ್ಲ ಅವುಗಳಿಂದ ಬೊಕ್ಕಸಕ್ಕೆ ಬರುವ ಆದಾಯವೆಷ್ಟು, ದಿನಕ್ಕೆ ಎಷ್ಟು ಜನ ಟಿಕೆಟ್ ಕೊಳ್ಳುತ್ತಾರೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಕುಡಿಯುವ ನೀರಿಗೂ ರಸ್ತೆ ಗುಂಡಿಗೂ ಹಣ ಸಾಲದ ಬೆಂಗಳೂರಿನಲ್ಲಿ, ಗೋಡೆಗೆ ತೂಗುಹಾಕಿದ ಚಿತ್ರಗಳಿಗಾಗಿ ಸರ್ಕಾರವೇಕೆ ಕಟ್ಟಡ, ಸಿಬ್ಬಂದಿ, ವಿದ್ಯುತ್ತು ಎಂದು ಖರ್ಚು ಮಾಡಬೇಕು, ಖಾಸಗಿಯವರಿಗೆ ಬಿಟ್ಟರೆ ಅವರೇ ಚೆನ್ನಾಗಿ ನಡೆಸುವುದಿಲ್ಲವೇ ಎಂದು ಕೇಳುವವರು ಕಲೆಯ ವಿರೋಧಿಗಳೇನಲ್ಲ. ಅವರಲ್ಲಿ ಅನೇಕರು ತೆರಿಗೆ ಕಟ್ಟಿ ಬೇಸತ್ತವರು. ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿ ದುಡಿದು ನಿವೃತ್ತನಾದ ನಾನು, ಆ ಪ್ರಶ್ನೆಗೆ ನನ್ನಂಥವರು ಉತ್ತರ ಕೊಡಬೇಕೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನೇ ತೆಗೆದುಕೊಳ್ಳೋಣ. ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಸಾಧಿಸಿದರು. ಮೈಸೂರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. 1965ರಲ್ಲಿ ಅವರು ತೀರಿಕೊಂಡ ನಂತರ, 1970ರ ದಶಕದಲ್ಲಿ, ಅವರ ಹೆಸರಿನ ಈ ಕಟ್ಟಡ ಸಾರ್ವಜನಿಕರಿಗೆ ತೆರೆಯಿತು. ಊಟಿ ಮತ್ತು ಕೊಡೈಕೆನಾಲಿನ ಅವರ ಜಲವರ್ಣಗಳನ್ನು ಮೊದಲ ಸಲ ನೋಡಿದವರಿಗೆ ಅವು ಛಾಯಾಚಿತ್ರದಷ್ಟು ನಿಖರವಾಗಿ ಕಾಣುತ್ತವೆ, ಅಷ್ಟರಲ್ಲೇ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ಎರಡನೆಯ ಸಲ ಬಂದವರು ಬೆಟ್ಟದ ಮೇಲಿನ ಮಂಜನ್ನೂ ಬೆಳಗಿನ ಬಿಸಿಲನ್ನೂ ಆತ ಎಷ್ಟು ತೆಳುವಾದ ಬಣ್ಣದ ಪದರುಗಳಿಂದ ಕಟ್ಟಿದ್ದಾರೆ ಎಂಬುದನ್ನು ಗಮನಿಸುತ್ತಾರೆ. ಇದು ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಾಗಲಿ ಮೊಬೈಲ್ ಪರದೆಯಲ್ಲಾಗಲಿ ಕಾಣುವುದಿಲ್ಲ. ಅಚ್ಚಿನಲ್ಲಿ ಬಣ್ಣ ಬದಲಾಗುತ್ತದೆ, ಪರದೆಯಲ್ಲಿ ಅಳತೆಯೇ ಕಳೆದುಹೋಗುತ್ತದೆ; ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಅಲ್ಲಿ ಒಂದೇ ಗಾತ್ರಕ್ಕೆ ಇಳಿಯುತ್ತವೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಕಲಾವಿದರಾಗಿ ಬೆಳೆದ ಕೆ.ಕೆ. ಹೆಬ್ಬಾರರ ಕೃತಿಗಳೂ ಇದೇ ಕಟ್ಟಡದಲ್ಲಿವೆ. ಒಬ್ಬರದು ಕೂದಲೆಳೆಯ ಕುಸುರಿ, ಇನ್ನೊಬ್ಬರದು ಕುಣಿಯುವ ರೇಖೆ. ಇವೆರಡನ್ನೂ ಒಂದೇ ಮಧ್ಯಾಹ್ನ ನೋಡಿ ತನಗೆ ಯಾವುದು ಹಿಡಿಸಿತು, ಏಕೆ ಹಿಡಿಸಿತು ಎಂದು ವಾದಿಸುವ ಹದಿಮೂರು ವರ್ಷದ ಹುಡುಗಿಗೆ ಸಿಗುವ ಶಿಕ್ಷಣ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಚಿತ್ರಕಲಾ ಪರೀಕ್ಷೆಗಳ ಹೂಜಿ, ಬಕೆಟ್ಟುಗಳನ್ನು ನೋಡಿ ಬರೆಯುವುದರಿಂದ ಸಿಗಲಾರದು. (ಆ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡಿದವನೇ ಈ ಮಾತು ಹೇಳುತ್ತಿದ್ದೇನೆ.)

ಪಕ್ಕದಲ್ಲೇ ಇರುವ, 1877ರಷ್ಟು ಹಳೆಯ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಸೇರಿಸಿ ನೋಡಿದರೆ ಆ ತಾಣದ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. 10ನೇ ಶತಮಾನದ ಆತಕೂರು ಶಾಸನದ ಕಲ್ಲು ಅಲ್ಲಿಗೆ ಸೇರಿದ್ದು. ಗಂಗರ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಬೇಡಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆರಗಿ, ಎರಡೂ ಒಟ್ಟಿಗೆ ಸತ್ತ ಕಥೆಯನ್ನು ಆ ಕಲ್ಲು ಹಳಗನ್ನಡದಲ್ಲಿ ಹೇಳುತ್ತದೆ, ನಾಯಿಯೂ ಹಂದಿಯೂ ಸೆಣಸುವ ನೋಟವನ್ನು ಕೆತ್ತಿ ತೋರಿಸುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಶಿಲ್ಪಿಯಿಂದ ವೆಂಕಟಪ್ಪನವರವರೆಗೆ, ಅವರಿಂದ ಹೆಬ್ಬಾರರವರೆಗೆ, ಸಾವಿರ ವರ್ಷಗಳ ನಮ್ಮ ನಾಡಿನ ಕೈಕೆಲಸವನ್ನು ಕೆಲವು ನೂರು ಹೆಜ್ಜೆಗಳಲ್ಲಿ ನೋಡಬಹುದಾದ ಇನ್ನೊಂದು ಜಾಗ ಈ ನಗರದಲ್ಲಿ ನನಗೆ ಗೊತ್ತಿಲ್ಲ. ಕಲೆ ಎಂಬುದು ಸಿರಿವಂತರ ದಿವಾನಖಾನೆಯ ವಸ್ತು ಎಂದು ನಂಬಿದ ಮಕ್ಕಳಿಗೆ, ನಾಯಿಯೊಂದರ ನೆನಪಿಗೂ ಕಲ್ಲು ಕೆತ್ತಿಸಿದ್ದರು ಎಂದು ತೋರಿಸುವುದಕ್ಕೆ ಹೆಚ್ಚಿನ ಉಪನ್ಯಾಸ ಬೇಕಾಗುವುದಿಲ್ಲ.

ಆದರೆ ಮಕ್ಕಳು ಅಲ್ಲಿಗೆ ಬರುತ್ತಾರೆಯೇ? ನವೆಂಬರ್, ಡಿಸೆಂಬರ್ ಬಂತೆಂದರೆ ಜಿಲ್ಲೆಗಳಿಂದ ಬರುವ ಶಾಲಾ ಪ್ರವಾಸದ ಬಸ್ಸುಗಳು ಅದೇ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಮುಂದೆ ಸಾಲುಗಟ್ಟುತ್ತವೆ. ಮಕ್ಕಳು ಇಂಜಿನುಗಳನ್ನು ನೋಡಿ ಖುಷಿಪಡುತ್ತಾರೆ, ಅದು ಬೇಕಾದದ್ದೇ. ಬಳಿಕ ಬಸ್ಸು ಲಾಲ್‌ಬಾಗಿನ ಕಡೆಗೋ ಮಾಲ್ ಒಂದರ ಕಡೆಗೋ ಹೊರಡುತ್ತದೆ. ನಾಲ್ಕು ಹೆಜ್ಜೆ ಆಚೆಗಿರುವ ಚಿತ್ರಶಾಲೆ ಪ್ರವಾಸದ ಪಟ್ಟಿಯಲ್ಲೇ ಇರುವುದಿಲ್ಲ. ಇದು ಮೇಷ್ಟ್ರುಗಳ ತಪ್ಪೆಂದು ನಾನು ಹೇಳಲಾರೆ. ಚಿತ್ರಶಾಲೆಯಲ್ಲಿ ಮಕ್ಕಳಿಗೆ ಏನು ತೋರಿಸಬೇಕು, ಯಾವುದರ ಮುಂದೆ ನಿಲ್ಲಿಸಬೇಕು ಎಂದು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿಯನ್ನಾದರೂ ಶಿಕ್ಷಣ ಇಲಾಖೆ ಅವರ ಕೈಗೆ ಕೊಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು.

ಸಾರ್ವಜನಿಕ ಗ್ಯಾಲರಿಯ ಎರಡನೆಯ ಉಪಯೋಗ ನೋಡುವವರಿಗಿಂತ ಚಿತ್ರ ಬರೆಯುವವರಿಗೆ ಸಂಬಂಧಿಸಿದ್ದು. ಹಣಕಾಸಿನ ಲೆಕ್ಕ ಕೇಳುವವರು ಗಮನಿಸಬೇಕಾದದ್ದೂ ಇದನ್ನೇ. ದಾವಣಗೆರೆ, ಗದಗ, ಧಾರವಾಡ, ಕಲಬುರಗಿ, ಮೈಸೂರುಗಳ ಕಲಾಶಾಲೆಗಳಿಂದ ವರ್ಷ ವರ್ಷವೂ ಪದವಿ ಪಡೆದು ಹೊರಬರುವ ಯುವಕ ಯುವತಿಯರಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ, ಸಣ್ಣ ನೌಕರರ ಮಕ್ಕಳು. ಬೆಂಗಳೂರಿನಲ್ಲಿ ಒಂದು ಪ್ರದರ್ಶನ ಮಾಡದೆ ಅವರಿಗೆ ಹೆಸರಿಲ್ಲ, ಪತ್ರಿಕೆಯಲ್ಲಿ ವಿಮರ್ಶೆಯಿಲ್ಲ, ಕೊಳ್ಳುವವರ ಪರಿಚಯವಿಲ್ಲ. ಖಾಸಗಿ ಗ್ಯಾಲರಿಗಳು ಈಗಾಗಲೇ ಮಾರಾಟವಾಗುವ ಹೆಸರನ್ನು ಹುಡುಕುತ್ತವೆ; ಒಪ್ಪಿಕೊಂಡರೂ ಮಾರಾಟದ ಬೆಲೆಯಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಕೇಳುವುದು ಆ ವ್ಯವಹಾರದಲ್ಲಿ ಸಾಮಾನ್ಯ. ಬಾಡಿಗೆ, ದೀಪ, ನೌಕರರ ಸಂಬಳ ಎಲ್ಲವನ್ನೂ ಮಾರಾಟದಿಂದಲೇ ದುಡಿಯಬೇಕಾದ ಅವರು ಹಾಗೆ ಮಾಡುವುದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಚೌಕಟ್ಟು ಹಾಕಿಸಲು ಸಾಲ ಮಾಡಿ, ಕ್ಯಾನ್ವಾಸ್‌ಗಳನ್ನು ರಾತ್ರಿ ಬಸ್ಸಿನ ಚಾವಣಿಯ ಮೇಲೆ ಹೇರಿಕೊಂಡು ಬರುವ ಹುಡುಗನಿಗೆ ಕಡಿಮೆ ಬಾಡಿಗೆಗೆ ಒಂದು ವಾರದ ಮಟ್ಟಿಗೆ ಸಭ್ಯವಾದ ಗೋಡೆ ಸಿಗಬೇಕಾದರೆ ಸರ್ಕಾರದ ಹಾಲುಗಳೇ ಗತಿ. ಇಂದು ಹೆಸರಾಗಿರುವ ಕನ್ನಡ ನಾಡಿನ ಎಷ್ಟೋ ಕಲಾವಿದರ ಮೊದಮೊದಲ ಏಕವ್ಯಕ್ತಿ ಪ್ರದರ್ಶನ, ಸಮೂಹ ಪ್ರದರ್ಶನಗಳು ಇಂಥ ಗೋಡೆಗಳ ಮೇಲೆಯೇ ನಡೆದಿವೆ. ಆ ಹಾಲಿನ ಬಾಡಿಗೆಯಿಂದ ಇಲಾಖೆಗೆ ಬಂದದ್ದೆಷ್ಟು ಎಂದು ಲೆಕ್ಕ ಹಾಕುವವರು ಅಲ್ಲಿಂದ ಆರಂಭವಾದ ಬದುಕುಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ಕೊಳ್ಳುವ ಆಸಕ್ತಿ ನಮ್ಮ ಜನರಲ್ಲಿಲ್ಲ ಎಂಬ ಮಾತಂತೂ ನಿಜವಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ನಿಂತು ನೋಡಿದವರಿಗೆ ಅದು ಗೊತ್ತು. ಚೌಕಾಸಿ ಮಾಡಿ ಕೊಂಡ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುವ ಸಂಸಾರಗಳು ಅಲ್ಲಿ ಸಾಕಷ್ಟು ಕಾಣುತ್ತವೆ. ಅದು ವರ್ಷಕ್ಕೊಂದು ದಿನದ ಜಾತ್ರೆ. ಉಳಿದ ದಿನಗಳಲ್ಲಿ ಆ ಜನರೆಲ್ಲ ಎಲ್ಲಿ ಹೋಗುತ್ತಾರೆ ಎಂಬುದು ನನ್ನ ಪ್ರಶ್ನೆ.

ಖಾಸಗಿಯವರಿಗೆ ಒಪ್ಪಿಸಿದರೆ ಆಗದೇ ಎಂಬ ಸಲಹೆಯ ಬಗ್ಗೆ ಎರಡು ಮಾತು. ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ನೀಡುವ ಪ್ರಸ್ತಾವದ ವಿರುದ್ಧ 2016ರಲ್ಲಿ ನಗರದ ಕಲಾವಿದರು ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಅವರಲ್ಲಿ ಹಿರಿಯರೂ ಇದ್ದರು, ಇನ್ನೂ ಕಾಲೇಜಿನಲ್ಲಿದ್ದವರೂ ಇದ್ದರು. ತಮಗೆ ಕೈಗೆಟಕುವ ಗೋಡೆ ಕೈತಪ್ಪೀತು ಎಂಬ ಅವರ ಆತಂಕ ಸಹಜವಾದದ್ದು. ಹಾಗೆಂದು ಖಾಸಗಿ ಸಂಸ್ಥೆಗಳನ್ನು ಶತ್ರುಗಳೆಂದು ನಾನು ಭಾವಿಸುವುದಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ವಸ್ತುಸಂಗ್ರಹಾಲಯ ನಗರಕ್ಕೆ ಒಳ್ಳೆಯ ಸೇರ್ಪಡೆಯೇ. ಪ್ರದರ್ಶನವನ್ನು ಅಚ್ಚುಕಟ್ಟಾಗಿ ಜೋಡಿಸುವುದು ಹೇಗೆ ಎಂಬುದನ್ನು ಸರ್ಕಾರದವರು ಅಲ್ಲಿ ನೋಡಿ ಕಲಿಯಲಿ. ಖಾಸಗಿ ಸಂಸ್ಥೆ ಏನನ್ನು ತೋರಿಸಬೇಕು, ಯಾರಿಗೆ ಗೋಡೆ ಕೊಡಬೇಕು ಎಂಬುದನ್ನು ಅದರ ಧರ್ಮದರ್ಶಿಗಳು ತೀರ್ಮಾನಿಸುತ್ತಾರೆ, ಅದು ಅವರ ಹಕ್ಕು. ಸರ್ಕಾರಿ ಚಿತ್ರಶಾಲೆಯ ವಿಷಯದಲ್ಲಾದರೆ ನನ್ನಂಥವನು ಹೀಗೆ ಪತ್ರಿಕೆಗೆ ಬರೆದು ಜಗಳವಾಡಬಹುದು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು, ಶಾಸಕರನ್ನು ಕೇಳಬಹುದು. ಗ್ರಂಥಾಲಯಗಳಿಗಾಗಿ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಕರವನ್ನು ನಾವು ಕಟ್ಟುತ್ತಿದ್ದೇವೆ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಲಾಭ ತರುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಅದರಿಂದ ಅಷ್ಟೇನೂ ದೂರವಿಲ್ಲದ ಚಿತ್ರಶಾಲೆಗೆ ಮಾತ್ರ ಆ ಪ್ರಶ್ನೆ ಏಕೆ?

ಇಷ್ಟು ಹೇಳಿದ ಮೇಲೆ, ಚಿತ್ರಶಾಲೆಗೆ ಜನ ಬರುವುದಿಲ್ಲ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿರುವುದನ್ನೂ ಒಪ್ಪಬೇಕು. ಕಾರಣ ಜನರ ನಿರಾಸಕ್ತಿಯಲ್ಲ, ಗಡಿಯಾರ. ನಗರದ ಹೆಚ್ಚಿನ ಸರ್ಕಾರಿ ಗ್ಯಾಲರಿ, ವಸ್ತುಸಂಗ್ರಹಾಲಯಗಳು ಬೆಳಿಗ್ಗೆ ಕಚೇರಿ ಆರಂಭವಾಗುವ ಹೊತ್ತಿಗೆ ತೆರೆದು, ಸಂಜೆ ಕಚೇರಿ ಬಿಡುವ ಹೊತ್ತಿಗೆ ಮುಚ್ಚುತ್ತವೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಅಂಗಡಿಗಳಲ್ಲಿ ನಿಂತು ದುಡಿಯುವವರು, ಬಿಡುವು ಸಿಗದ ಕಂಪ್ಯೂಟರ್ ಕಂಪನಿಗಳ ನೌಕರರು ಇವರಲ್ಲಿ ಯಾರು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಚಿತ್ರ ನೋಡಲು ಬಂದಾರು? ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆರಂಭವಾದ ಮೇಲೆ, ದೇಶದ ದೊಡ್ಡ ಕಲಾವಿದರ ಕೃತಿಗಳನ್ನು ನೋಡಲು ನಾವು ದೆಹಲಿ, ಮುಂಬೈಗಳಿಗೆ ಹೋಗಲೇಬೇಕೆಂಬ ಸ್ಥಿತಿ ತಪ್ಪಿದೆ. ಅಲ್ಲಿನ ಮರಗಳ ನೆರಳೇ ಟಿಕೆಟ್ಟಿನ ಬೆಲೆಗೆ ಸಾಕು ಎನ್ನುವ ಗೆಳೆಯರೂ ನನಗಿದ್ದಾರೆ. ಆದರೆ ಅಲ್ಲಿಗೆ ನೆಮ್ಮದಿಯಾಗಿ ಹೋಗಿ ಕೂರಬಲ್ಲವರು ಬಹುಪಾಲು ನಮ್ಮಂಥ ಪಿಂಚಣಿದಾರರು, ಕಲಾ ವಿದ್ಯಾರ್ಥಿಗಳು ಮತ್ತು ಪ್ರವಾಸಿಗರು. ಎಂ.ಜಿ. ರಸ್ತೆಯ ಮೆಟ್ರೊ ಹಳಿಯ ಕೆಳಗೆ 2013ರಲ್ಲಿ ಆರಂಭವಾದ ರಂಗೋಲಿ ಮೆಟ್ರೊ ಕಲಾಕೇಂದ್ರದತ್ತ ಮಳೆಗೆ ಆಸರೆ ಹುಡುಕಿಕೊಂಡು ಬಂದವರೂ ಚಿತ್ರದ ಮುಂದೆ ನಿಂತುಬಿಡುವುದುಂಟು. ಜನ ಓಡಾಡುವ ದಾರಿಯಲ್ಲಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಚಿತ್ರಗಳಿದ್ದರೆ ನೋಡುವವರ ಕೊರತೆಯಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಜೆಯ ಹೊತ್ತು ತೆರೆದರೆ ಬೆಳಕಿನಿಂದ ಚಿತ್ರಗಳಿಗೆ ಹಾನಿಯಾಗುತ್ತದೆ ಎಂಬ ತಾಂತ್ರಿಕ ಆಕ್ಷೇಪ ಬರಬಹುದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಬಹಳ ಬೇಗ ಮಾಸುತ್ತದೆ. ಅಂಥ ಕೃತಿಗಳ ಮೇಲೆ ಬೀಳುವ ಬೆಳಕು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ) ಆಸುಪಾಸಿನಲ್ಲಿರಬೇಕೆಂಬುದು ಸಂರಕ್ಷಣಾ ತಜ್ಞರು ಅನುಸರಿಸುವ ಮಿತಿ. ಕಿಟಕಿಯಿಂದ ಬರುವ ಹಗಲಿನ ಬೆಳಕು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದರಲ್ಲಿ ನೇರಳಾತೀತ ಕಿರಣಗಳೂ ಇರುತ್ತವೆ. ಹೀಗಾಗಿ ಹತೋಟಿಯಲ್ಲಿಟ್ಟ ಸಂಜೆಯ ಎಲ್ಇಡಿ ದೀಪಕ್ಕಿಂತ ಪರದೆಯಿಲ್ಲದ ಕಿಟಕಿಯೇ ಅಪಾಯಕಾರಿ. ಮಾಸುವುದು ಒಟ್ಟು ಬೆಳಕಿನ ಮೊತ್ತವನ್ನು ಅವಲಂಬಿಸಿರುವುದರಿಂದ, ಕೃತಿಗಳನ್ನು ಸರದಿಯ ಮೇಲೆ ಕೆಲವು ತಿಂಗಳು ತೋರಿಸಿ, ಉಳಿದ ಕಾಲ ಕತ್ತಲಲ್ಲಿ ವಿಶ್ರಾಂತಿಗೆ ಇಡುವ ಪದ್ಧತಿಯನ್ನು ದೊಡ್ಡ ವಸ್ತುಸಂಗ್ರಹಾಲಯಗಳು ಅನುಸರಿಸುತ್ತವೆ. ಇದರಿಂದ ಮತ್ತೊಂದು ಅನುಕೂಲವೂ ಇದೆ: ಗೋಡೆಯ ಮೇಲಿನ ಚಿತ್ರ ಆಗಾಗ ಬದಲಾದರೆ ಒಮ್ಮೆ ಬಂದವರಿಗೆ ಮತ್ತೆ ಬರಲು ಕಾರಣವಿರುತ್ತದೆ. ಮಳೆಗಾಲದ ತೇವ, ಬೂಷ್ಟು, ಗೆದ್ದಲುಗಳಿಂದ ಕಾಗದವನ್ನು ಕಾಪಾಡಲು ಬೇಕಾದ ಹಣವನ್ನು ಮಾತ್ರ ಸರ್ಕಾರ ಹೇಗಾದರೂ ಒದಗಿಸಲೇಬೇಕು. ಮಾಸಿಹೋದ ಬಣ್ಣವನ್ನು ಯಾವ ಬಜೆಟ್ಟೂ ಮರಳಿ ತರಲಾರದು.

ಕನ್ನಡದ ವಿಷಯ ಸಣ್ಣದೆನಿಸಿದರೂ ಹೇಳಬೇಕು. ನಗರದ ಅನೇಕ ಗ್ಯಾಲರಿಗಳಲ್ಲಿ ಚಿತ್ರದ ಪಕ್ಕದ ವಿವರ ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಕನ್ನಡದಲ್ಲಿದ್ದರೂ ಹೆಸರು, ಅಳತೆ, ಮಾಧ್ಯಮಗಳಿಗೆ ಮುಗಿಯುತ್ತದೆ. ಈ ಚಿತ್ರ ಎಲ್ಲಿ ಬರೆದದ್ದು, ಆಗ ಕಲಾವಿದರ ವಯಸ್ಸೆಷ್ಟು, ಯಾವ ಕಡೆಗೆ ಕಣ್ಣು ಹಾಯಿಸಿದರೆ ಏನು ಸಿಗುತ್ತದೆ ಎಂದು ಐದು ಸಾಲು ಕನ್ನಡದಲ್ಲಿ ಬರೆಸಲು ನಮ್ಮಲ್ಲಿ ಕಲಾ ವಿಮರ್ಶಕರಿಗೇನೂ ಬರವಿಲ್ಲ.

ಆದ್ದರಿಂದ ಸಂಬಂಧಪಟ್ಟ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು. ಬರುವ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ, ಪ್ರಯೋಗಕ್ಕೆಂದಾದರೂ, ಶನಿವಾರ ಮತ್ತು ಭಾನುವಾರ ರಾತ್ರಿ ಎಂಟರವರೆಗೆ ನಗರದ ಸರ್ಕಾರಿ ಚಿತ್ರಶಾಲೆಗಳನ್ನು ತೆರೆದಿಡಲಿ. ಅದಕ್ಕೆ ಬೇಕಾಗುವುದು ಕಾವಲು ಸಿಬ್ಬಂದಿಯ ಹೆಚ್ಚುವರಿ ವೇತನ, ದೀಪದ ಖರ್ಚು ಮತ್ತು ಒಂದು ಆದೇಶ. ಕಲಾ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಗೌರವಧನ ಕೊಟ್ಟು ವಿವರಣೆ ನೀಡಲು ನೇಮಿಸಿದರೆ ಅವರಿಗೂ ಮಾತನಾಡಿ ಅಭ್ಯಾಸವಾಗುತ್ತದೆ. ಎರಡು ತಿಂಗಳಾದ ಮೇಲೆ ಸಂಜೆ ಬಂದವರ ಸಂಖ್ಯೆಯನ್ನೂ ಹಗಲು ಬಂದವರ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಲಿ. ಚಿತ್ರಶಾಲೆ ಬೇಕೇ ಬೇಡವೇ ಎಂಬ ಚರ್ಚೆಯನ್ನು ಆ ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಸೋಣ. ಇಲಾಖೆ ತನ್ನ ಅಭಿಪ್ರಾಯವನ್ನು ನಿಮ್ಮ ಪತ್ರಿಕೆಯ ಮೂಲಕವೇ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ರಾಜಾಜಿನಗರ, ಬೆಂಗಳೂರು